ಬೆನ್ನುಹುರಿಗೆ ಪೆಟ್ಟಾಗಿ 5 ತಿಂಗಳು, ಡಾಪ್ಲರ್‌ನಲ್ಲಿ ಕಾಲಿನ ರಕ್ತನಾಳ ಸಣ್ಣ ಆಗಿದೆ ಅಂತ ಬಂದಿದೆ, ಇದು ಬ್ಲಾಕಾ?

ಅಣ್ಣನ_ತಮ್ಮ:

ಎಲ್ರಿಗೂ ನಮಸ್ಕಾರ. ನಮ್ಮಣ್ಣಂಗೆ 34 ವರ್ಷ, 5 ತಿಂಗಳ ಹಿಂದೆ ಮೇಲಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಯ್ತು, ಟಿ5 ಕಂಪ್ಲೀಟ್ ಅಂದಿದಾರೆ, ಅಂದ್ರೆ ಬೆನ್ನಿನ ಎದೆ ಭಾಗದ ಐದನೇ ಮಟ್ಟದಲ್ಲಿ ಪೂರ್ತಿ ಪೆಟ್ಟು. ಎದೆಯಿಂದ ಕೆಳಗೆ ಮುಟ್ಟಿದ್ದು ಗೊತ್ತಾಗಲ್ಲ, ಕಾಲು ಅಲ್ಲಾಡಲ್ಲ, ಕೈ ಎರಡೂ ಚೆನ್ನಾಗಿದೆ, ಗಾಲಿಕುರ್ಚಿ ತಾನೇ ತಳ್ಕೊಂಡು ಓಡಾಡ್ತಾನೆ. ಕುರ್ಚಿಲಿ ಒಂದು ಗಂಟೆ ಕೂತ್ರೆ ಪಾದ ಎರಡೂ ನೇರಳೆ ಬಣ್ಣಕ್ಕೆ ತಿರುಗತ್ತೆ, ಮುಟ್ಟಿದ್ರೆ ತಣ್ಣಗೆ, ಸಂಜೆ ಹೊತ್ತಿಗೆ ಊದ್ಕೊಂಡಿರತ್ತೆ. ಭಯ ಆಗಿ ಹೋದ ವಾರ ಡಾಪ್ಲರ್, ಅಂದ್ರೆ ರಕ್ತದ ಹರಿವು ನೋಡೋ ಸ್ಕ್ಯಾನ್, ಮಾಡ್ಸಿದ್ವಿ. ರಿಪೋರ್ಟಲ್ಲಿ ಕ್ಲಾಟ್ (ರಕ್ತದ ಗಡ್ಡೆ) ಇಲ್ಲ ಅಂತಿದೆ, ಆದ್ರೆ ಎರಡೂ ಕಡೆ ಫೆಮೊರಲ್ ಆರ್ಟರಿ (ತೊಡೆಯ ರಕ್ತನಾಳ) ಸ್ಮಾಲ್ ಕ್ಯಾಲಿಬರ್, ಟ್ರೈಫೇಸಿಕ್ ಫ್ಲೋ ಅಂತ ಬರೆದಿದಾರೆ. ಸ್ಕ್ಯಾನ್ ಮಾಡಿದವರನ್ನ ಕೇಳಿದ್ರೆ "ನರ ಸಣ್ಣ ಆಗಿದೆ, ಇಂಥವರಿಗೆ ಆಗತ್ತೆ" ಅಂತ ಒಂದೇ ಸಾಲಲ್ಲಿ ಮುಗಿಸಿ ಮುಂದಿನ ಪೇಷಂಟ್ ಕರೆದುಬಿಟ್ರು.

ಈಗ ನಂಗಿರೋ ಡೌಟು, ಇದು ಹಾರ್ಟಿಗೆ ಆಗೋ ಥರ ಬ್ಲಾಕಾ, ಸ್ಟೆಂಟ್ ಗಿಂಟ್ ಬೇಕಾಗತ್ತಾ, ದಿನಾ ಕಾಲು ಚೆನ್ನಾಗಿ ತಿಕ್ಕಿದ್ರೆ ರಕ್ತ ಓಡಿ ಸರಿ ಹೋಗತ್ತಾ, ಕೈ ವ್ಯಾಯಾಮ ಜಾಸ್ತಿ ಮಾಡಿದ್ರೆ ಕಾಲಿಗೂ ಉಪಯೋಗ ಆಗತ್ತಾ? ರಕ್ತ ತೆಳು ಮಾಡೋ ಇಂಜೆಕ್ಷನ್ 3 ತಿಂಗಳಿಗೆ ನಿಲ್ಸಿದ್ರು. ಅಂದಹಾಗೆ ಇನ್ನೊಂದು, ವಾರಕ್ಕೆ ಎರಡು ಮೂರು ಸಲ ಅಣ್ಣಂಗೆ ಇದ್ದಕ್ಕಿದ್ದಂಗೆ ತಲೆ ಸಿಡಿಯತ್ತೆ, ಹಣೆ ಮುಖ ಎಲ್ಲ ಬೆವರತ್ತೆ, ಬಿಪಿ ನೋಡಿದ್ರೆ 146 ಇತ್ತು, ಯಾವಾಗ್ಲೂ 100/60 ಇರತ್ತೆ. ಫೋನಲ್ಲಿ ಕೇಳಿದ್ದಕ್ಕೆ 140ರ ಆಸುಪಾಸು ಪರವಾಗಿಲ್ಲ, ಟೆನ್ಷನ್ನಿಗೆ ಆಗಿರತ್ತೆ ಅಂದ್ರು. ಅದಿರಲಿ, ಕಾಲಿಂದೇ ನಂಗೆ ಚಿಂತೆ.

ಫಿಸಿಯೋ_ಒಬ್ಳು:

ಮೊದ್ಲು ಈ "ನರ" ಅನ್ನೋ ಪದದ ಗಂಟು ಬಿಚ್ಚೋಣ. ನಾವು ಕನ್ನಡದಲ್ಲಿ ಮೆದುಳಿಂದ ಸಂದೇಶ ಒಯ್ಯೋದಕ್ಕೂ ನರ ಅಂತೀವಿ, ಕೈ ಮೇಲೆ ನೀಲಿಯಾಗಿ ಕಾಣೋ ರಕ್ತನಾಳಕ್ಕೂ ನರ ಅಂತೀವಿ, ಆಸ್ಪತ್ರೇಲಿ "ನರ ಸಿಗ್ತಿಲ್ಲ" ಅಂತ ಸಿಸ್ಟರ್ ಹೇಳೋದೂ ಅದೇ ಪದ. ನಿಮ್ಮಣ್ಣಂಗೆ ಪೆಟ್ಟಾಗಿರೋದು ಮೊದಲನೇ ನರಕ್ಕೆ, ಸಣ್ಣ ಆಗಿರೋದು ಎರಡನೇದು, ಅಂದ್ರೆ ಹೃದಯದಿಂದ ಕಾಲಿಗೆ ರಕ್ತ ತರೋ ಅಪಧಮನಿ. ಒಂದರಿಂದ ಇನ್ನೊಂದು ಆಗಿದೆ ನಿಜ, ಆದ್ರೆ ಇದು ಬ್ಲಾಕ್ ಅಲ್ಲ.

ಬ್ಲಾಕ್ ಅಂದ್ರೆ ಪೈಪಿನ ಒಳಗೋಡೆಗೆ ಕೊಬ್ಬು ಕಟ್ಕೊಂಡು ದಾರಿ ಕಿರಿದಾಗೋದು. ಇಲ್ಲಿ ಆಗಿರೋದು ಪೈಪೇ ಚಿಕ್ಕ ಸೈಜಿನ ಪೈಪ್ ಆಗಿಬಿಟ್ಟಿರೋದು, ಒಳಗಡೆ ಕ್ಲೀನಾಗೇ ಇರತ್ತೆ. ತೊಡೆ, ಮೀನಖಂಡದ ಸ್ನಾಯುಗಳು ಕೆಲಸ ನಿಲ್ಲಿಸಿದ ಕೂಡ್ಲೇ ಕಾಲು ಕೇಳೋ ರಕ್ತ ಕಮ್ಮಿ ಆಗತ್ತೆ, ರಕ್ತನಾಳ ಆ ಬೇಡಿಕೆಗೆ ತಕ್ಕಂಗೆ ತನ್ನ ಅಳತೇನ ಇಳಿಸ್ಕೊಳತ್ತೆ. ಇದು ವರ್ಷಗಟ್ಟಲೆ ನಿಧಾನಕ್ಕೆ ಆಗೋದಲ್ಲ, ಪೆಟ್ಟಾದ ಮೊದಲ ಕೆಲವೇ ವಾರಗಳಲ್ಲಿ, ಹೆಚ್ಚು ಕಮ್ಮಿ 6 ವಾರದೊಳಗೆ ಬಹುಪಾಲು ಆಗಿಹೋಗಿರತ್ತೆ, ಅಗಲ ಸುಮಾರು ಮೂರನೇ ಒಂದು ಭಾಗ ಇಳಿದಿರೋದು ಮಾಮೂಲಿ. ಹಾಗಾಗಿ ನಿಮ್ಮ ರಿಪೋರ್ಟಲ್ಲಿ ಕಂಡಿದ್ದು ಹೋದ ವಾರ ಹುಟ್ಟಿದ ಹೊಸ ಕಾಯಿಲೆ ಅಲ್ಲ. ಟ್ರೈಫೇಸಿಕ್ ಅಂತ ಬರೆದಿದಾರಲ್ಲ, ಅದು ಸಮಾಧಾನದ ಪದ, ಪ್ರತಿ ಬಡಿತಕ್ಕೂ ರಕ್ತದ ಅಲೆ ಮೂರು ಹಂತದಲ್ಲಿ ಸರಿಯಾಗಿ ಬರ್ತಿದೆ, ಮೇಲ್ಗಡೆ ದೊಡ್ಡ ಅಡ್ಡಿ ಇಲ್ಲ ಅಂತ ಸಾಮಾನ್ಯವಾಗಿ ಅರ್ಥ. ಸ್ಟೆಂಟ್ ಮಾತು ಇಲ್ಲಿ ಬರಲ್ಲ.

ನೇರಳೆ ಪಾದ ಬೇರೆ ಕಥೆ, ಅದು ಅಭಿಧಮನಿ ಕಡೆಯದು, ಅಂದ್ರೆ ವಾಪಸ್ ಹೋಗೋ ದಾರಿ. ನಾವು ನಡೀವಾಗ ಮೀನಖಂಡ ಹಿಂಡಿ ಹಿಂಡಿ ರಕ್ತಾನ ಮೇಲಕ್ಕೆ ತಳ್ಳತ್ತೆ, ಅದು ಈಗ ನಿಂತಿದೆ. ಇದ್ರ ಜೊತೆಗೆ ಕೂತಾಗ ಕಾಲಿನ ರಕ್ತನಾಳ ಬಿಗಿ ಹಿಡೀಬೇಕು ಅಂತ ಮೇಲಿಂದ ಬರ್ತಿದ್ದ ಆರ್ಡರೂ ಪೆಟ್ಟಾದ ಜಾಗದಲ್ಲೇ ಕಟ್ ಆಗಿದೆ. ರಕ್ತ ಕೆಳಗೇ ನಿಲ್ಲತ್ತೆ, ಊತ ಬರತ್ತೆ. ಮನೇಲೇ ಒಂದು ನೋಡಿ, ಮಲಗಿಸಿ ಕಾಲನ್ನ ದಿಂಬಿನ ಮೇಲೆ ಎದೆಗಿಂತ ಎತ್ತರ ಇಟ್ಟಾಗ ನೇರಳೆ ಬಣ್ಣ ಕೆಲವೇ ನಿಮಿಷಕ್ಕೆ ಇಳಿದು ಮಾಮೂಲಿ ಬಣ್ಣಕ್ಕೆ ಬಂದ್ರೆ ಅದು ಬರೀ ರಕ್ತ ನಿಂತಿದ್ದು. ಎತ್ತಿದಾಗ ಬೆಳ್ಳಗೆ ಬಿಳಚಿಕೊಂಡು, ಇಳಿಸಿದಾಗ ಕೆಂಪು ಕೆಂಪಾದ್ರೆ ಅದು ಅಪಧಮನಿ ತೊಂದ್ರೆ ಲಕ್ಷಣ, ಆವಾಗ ತೋರಿಸ್ಲೇಬೇಕು. ನಡೆಯೋರಿಗೆ ಕಾಲಲ್ಲಿ ನಿಜವಾದ ಬ್ಲಾಕ್ ಆದ್ರೆ ನಾಲ್ಕು ಹೆಜ್ಜೆ ಹಾಕಿದ್ ಕೂಡ್ಲೇ ನೋವು ಬಂದು ಹೇಳತ್ತೆ, ಇವರಿಗೆ ನಡಿಗೇನೂ ಇಲ್ಲ ನೋವೂ ಇಲ್ಲ. ಬೆರಳ ಸಂದಿಯಲ್ಲಿ ಒಂದು ಗಾಯ ತಿಂಗಳಾದ್ರೂ ಮಾಯ್ತಿಲ್ಲ ಅನ್ನೋದೇ ಎಷ್ಟೋ ಸಲ ಮೊದಲ ಸುಳಿವು.

ತಿಕ್ಕೋ ವಿಷಯ. ತಿಕ್ಕೋದ್ರಿಂದ ಅಪಧಮನಿ ದೊಡ್ಡದಾಗಲ್ಲ. ಡಾಪ್ಲರಲ್ಲಿ ಕ್ಲಾಟ್ ಇಲ್ಲ ಅಂತ ಬಂದಿರೋದ್ರಿಂದ ಮೆತ್ತಗೆ ಕೈಯಾಡಿಸಿದ್ರೆ ತೊಂದ್ರೆ ಇಲ್ಲ, ಆದ್ರೆ ಮುಂದೆ ಯಾವತ್ತಾದ್ರೂ ಒಂದೇ ಕಾಲು ಊದಿದ್ದು ಕಂಡ್ರೆ ಅದಕ್ಕೆ ಕೈ ಹಾಕಬೇಡಿ, ಒಳಗೆ ಗಡ್ಡೆ ಇದ್ರೆ ಕಿತ್ಕೊಂಡು ಶ್ವಾಸಕೋಶಕ್ಕೆ ಹೋಗಬಹುದು. ಬಿಸಿನೀರಿನ ಚೀಲ ಅಂತೂ ಬೇಡವೇ ಬೇಡ, ಕಾಲು ತಣ್ಣಗಿದೆ ಅಂತ ಪ್ರೀತಿಯಿಂದ ಇಟ್ಟು ಬೊಬ್ಬೆ ಎದ್ದು ಬಂದವರನ್ನ ನೋಡಿ ನೋಡಿ ಸಾಕಾಗಿದೆ ನಂಗೆ. ಸಾಕ್ಸ್ ಹಾಕಿ, ಸಾಕು.

ಗಾಲಿಮೇಲೆ_11ವರ್ಷ:

ಮೊಬೈಲಿಗೆ ಮಾತಾಡಿ ಟೈಪ್ ಮಾಡಿಸ್ತಿದೀನಿ, ತಪ್ಪಿದ್ರೆ ಅಡ್ಜಸ್ಟ್ ಮಾಡ್ಕೊಳಿ. ನಂದು ಸಿ7, ಅಂದ್ರೆ ಕುತ್ತಿಗೆ ಮಟ್ಟದ ಪೆಟ್ಟು, 11 ವರ್ಷ ಆಯ್ತು.

ಫಿಸಿಯೋ ಮೇಡಂ ಹೇಳಿದ್ದೆಲ್ಲ ಸರಿ, ಆದ್ರೆ ತಮ್ಮಾ, ನೀನು "ಅಂದಹಾಗೆ" ಅಂತ ಕೊನೇಲಿ ಸೇರಿಸಿದೀಯಲ್ಲ, ತಲೆ ಸಿಡಿಯೋದು, ಹಣೆ ಬೆವರೋದು, ನಿನ್ನ ಇಡೀ ಪೋಸ್ಟಲ್ಲಿ ನಂಗೆ ಭಯ ಆಗಿದ್ದು ಅದೊಂದೇ. ಕಾಲಿನ ರಕ್ತನಾಳ ನಾಳೆ ನೋಡ್ಕೋಬಹುದು, ಇದನ್ನ ಇವತ್ತೇ ತಿಳ್ಕೋ. ಇದಕ್ಕೆ ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಅಂತಾರೆ, ಎಡಿ ಅಂತ ಚಿಕ್ಕದಾಗಿ. ಟಿ6 ಮತ್ತು ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಬರತ್ತೆ, ನಂಬರು ಕಮ್ಮಿ ಆದಷ್ಟೂ ಮೇಲೆ ಅಂತ, ನಿಮ್ಮಣ್ಣ ಟಿ5. ಪೆಟ್ಟಾದ ಜಾಗದ ಕೆಳಗಡೆ ಏನೋ ಒಂದು ಚುಚ್ತಿರತ್ತೆ, ಮೂತ್ರಕೋಶ ತುಂಬಿರಬಹುದು, ಮಲ ಗಟ್ಟಿ ಆಗಿ ನಿಂತಿರಬಹುದು, ಉಗುರು ಮಾಂಸದೊಳಗೆ ಬೆಳೆದಿರಬಹುದು, ಅವನಿಗೆ ನೋವು ಗೊತ್ತಾಗಲ್ಲ, ಆದ್ರೆ ಬೆನ್ನುಹುರಿಗೆ ಗೊತ್ತಾಗತ್ತೆ, ಅದು ಹೊಟ್ಟೆ ಕಾಲಿನ ರಕ್ತನಾಳಗಳನ್ನೆಲ್ಲ ಒಟ್ಟಿಗೆ ಬಿಗಿಯಾಗಿ ಹಿಂಡಿಬಿಡತ್ತೆ, ಬಿಪಿ ಜಿಗಿಯತ್ತೆ. ಸಾಕು ಬಿಡು ಅಂತ ಮೆದುಳು ಕಳ್ಸೋ ಆರ್ಡರ್ ಪೆಟ್ಟು ದಾಟಿ ಕೆಳಗೆ ಹೋಗಲ್ಲ. ಮೇಲ್ಗಡೆ ಮಾತ್ರ ಮುಖ ಕೆಂಪಾಗತ್ತೆ, ಬೆವರತ್ತೆ, ತಲೆ ಬಡ್ಕೊಳತ್ತೆ.

146 ಪರವಾಗಿಲ್ಲ ಅಂದವರು 120 ಇರೋ ಮನುಷ್ಯನ್ನ ತಲೇಲಿಟ್ಕೊಂಡು ಹೇಳಿದಾರೆ. ಮಾಮೂಲಿ 100 ಇರೋನಿಗೆ 146 ಅಂದ್ರೆ 46 ಏರಿದೆ. ತನ್ನ ಮಾಮೂಲಿಗಿಂತ 20ರಿಂದ 40 ಏರಿದ್ರೇ ಎಡಿ ಅಂತ ಅನುಮಾನ ಪಡಬೇಕು. ನಂಗೂ ಮೊದಲ ವರ್ಷ ಎಲ್ಲರೂ ಟೆನ್ಷನ್ ಅಂತಲೇ ಹೇಳ್ತಿದ್ರು, ಒಂದು ರಾತ್ರಿ 210 ಹೋಯ್ತು, ಕಾರಣ ನೋಡಿದ್ರೆ ಕ್ಯಾತಿಟರ್ (ಮೂತ್ರದ ಟ್ಯೂಬ್) ಬ್ಲಾಕ್ ಆಗಿತ್ತು ಅಷ್ಟೇ, ಬಿಚ್ಚಿ ಹೊಸದು ಹಾಕಿದ ಐದು ನಿಮಿಷಕ್ಕೆ ಇಳೀತು. ಹಾಗೇ ಬಿಟ್ಟಿದ್ರೆ ಮೆದುಳಲ್ಲಿ ರಕ್ತನಾಳ ಒಡೆದು ಸ್ಟ್ರೋಕ್ ಆಗ್ಬಹುದಿತ್ತು, ಉತ್ಪ್ರೇಕ್ಷೆ ಅಲ್ಲ ಇದು.

ಮತ್ತೆ ಬಂದಾಗ ಮಲಗಿಸಬೇಡ, ಎಲ್ರೂ ಮಾಡೋ ತಪ್ಪು ಅದೇ. ನೆಟ್ಟಗೆ ಕೂರಿಸು, ಕಾಲು ಕೆಳಗೆ ಇಳಿಬಿಡು, ಬೆಲ್ಟು, ಹೊಟ್ಟೆ ಪಟ್ಟಿ, ಕಾಲಿಗೆ ಕಟ್ಟಿದ ಮೂತ್ರದ ಚೀಲದ ಪಟ್ಟಿ ಎಲ್ಲ ಸಡಿಲ ಮಾಡು, ಆಮೇಲೆ ಮೂತ್ರದ ಟ್ಯೂಬನ್ನ ಮೇಲಿಂದ ಕೆಳಗಿನ ತನಕ ಕೈಯಲ್ಲಿ ಸವರಿ ನೋಡು, ಎಲ್ಲಾದ್ರೂ ಮಡಚಿದೆಯಾ, ಚೀಲ ತುಂಬಿದೆಯಾ. ಅಲ್ಲಿಲ್ಲ ಅಂದ್ರೆ ಮಲ, ಅದೂ ಇಲ್ಲ ಅಂದ್ರೆ ಚರ್ಮ, ಉಗುರು, ಶೂ ಒಳಗೆ ಏನಾದ್ರೂ ಇದೆಯಾ. ಎರಡರಿಂದ ಐದು ನಿಮಿಷಕ್ಕೊಂದ್ಸಲ ಬಿಪಿ ನೋಡ್ತಾನೇ ಇರು. ಕಾರಣ ಸಿಗ್ತಿಲ್ಲ, ಮೇಲಿನ ನಂಬರು 150ರ ಕೆಳಗೆ ಇಳೀತಿಲ್ಲ ಅಂದ್ರೆ ಕಾಯಬೇಡ, ಎಮರ್ಜೆನ್ಸಿಗೆ ಕರ್ಕೊಂಡು ಹೋಗು, ಅಲ್ಲಿ ಎಡಿ ಅನ್ನೋ ಪದ ನೀನೇ ಹೇಳು. ಇನ್ನೊಂದು, ನಾಚಿಕೆ ಬೇಡ, ಸಿಲ್ಡೆನಫಿಲ್ (ವಯಾಗ್ರಾ) ಥರದ ಮಾತ್ರೆ ಹಿಂದಿನ ದಿನ ತಗೊಂಡಿದ್ರೆ ಅದನ್ನೂ ಡಾಕ್ಟ್ರಿಗೆ ಹೇಳಿ, ಬಿಪಿ ಇಳಿಸೋಕೆ ಅವರು ಕೊಡೋ ನೈಟ್ರೇಟ್ ಜೊತೆ ಅದು ಸೇರಿದ್ರೆ ಬಿಪಿ ಪಾತಾಳಕ್ಕೆ ಹೋಗತ್ತೆ.

ಎಂಟ್_ವರ್ಷದ_ಗಾಲಿ:

ಅಲ್ರೀ, ಒಂದ್ ಮಾತ್ ಕೇಳ್ತೀನಿ ಸಿಟ್ಟಾಗಬ್ಯಾಡ್ರಿ. ನಂದು ಟಿ12, ಎಂಟ್ ವರ್ಷ ಆತು. ಕಾಲ್ ಹೆಂಗಿದ್ರೂ ನಡಿಯೂದಿಲ್ಲ, ಅದರಾಗಿನ ರಕ್ತನಾಳ ದೊಡ್ಡದಾದ್ರ ಏನ್ ಬಂತು, ಸಣ್ಣದಾದ್ರ ಏನ್ ಹೋತು? ನಾ ದಿನಾ ಕೈಲೆ ಗಾಲಿ ಹೊಡೀತೀನಿ, ಡಂಬೆಲ್ ಎತ್ತತೀನಿ, ಎದಿ ತೋಳು ಗಟ್ಟಿ ಅದಾವ, ಅಷ್ಟ ಸಾಕಲ್ಲ. ಒಂದ್ ಕಡೆ ಆ ಕರೆಂಟ್ ಕೊಡೋ ಸೈಕಲ್ ಮ್ಯಾಲೆ ಕುಂದ್ರಿಸಿದ್ರು, ಹತ್ತ್ ದಿನ ಕುಂತೆ, ಕಾಲ್ ಒಂಚೂರೂ ಮಿಸುಕಲಿಲ್ಲ. ಸುಮ್ನ ರೊಕ್ಕ ದಂಡ ಅನ್ನಿಸ್ತು.

ಫಿಸಿಯೋ_ಒಬ್ಳು:

ಸಿಟ್ಟು ಯಾಕೆ ಸರ್, ಒಳ್ಳೇ ಪ್ರಶ್ನೆ. ಒಂದು ಹೇಳಿ, ನಿಮ್ಮ ಕಾಲು ಯಾವಾಗಾದ್ರೂ ತಾನಾಗೇ ಸೆಟೆದು ಒದೆಯೋ ಥರ ಸ್ಪಾಸಂ ಬರತ್ತಾ?

ಎಂಟ್_ವರ್ಷದ_ಗಾಲಿ:

ಇಲ್ರಿ ಮೇಡಮ್ಮರ, ಒದ್ದಿ ಅರಬಿ ಗತೆ ಬಿದ್ದಿರ್ತಾವ.

ಫಿಸಿಯೋ_ಒಬ್ಳು:

ಅಲ್ಲೇ ಉತ್ತರ ಇದೆ ನೋಡಿ. ನಿಮ್ಮನ್ನ ಕೂರಿಸಿದ ಆ ಕರೆಂಟ್ ಸೈಕಲ್ಲಿನ ಎಫ್‌ಇಎಸ್ ಅಂದ್ರೆ ಚರ್ಮದ ಮೇಲೆ ಪ್ಯಾಡ್ ಅಂಟಿಸಿ ಕರೆಂಟಿನಿಂದ ಸ್ನಾಯುವಿಗೆ ಹೋಗೋ ನರಾನ ಎಬ್ಬಿಸೋದು, ಆ ನರ ಜೀವಂತ ಇರಬೇಕು. ಟಿ12 ಮೂಳೆ ಹತ್ರ ಬೆನ್ನುಹುರಿಯ ಬಾಲ ಮುಗಿಯತ್ತೆ, ಅಲ್ಲಿ ಪೆಟ್ಟಾದ್ರೆ ಕಾಲಿನ ನರದ ಬುಡವೇ ಹಾಳಾಗಿರತ್ತೆ ಎಷ್ಟೋ ಸಲ, ಕಾಲು ಮೆತ್ತಗೆ ಬಿದ್ದಿರತ್ತೆ, ಮಾಮೂಲಿ ಮಷೀನು ಕೆಲಸ ಮಾಡಲ್ಲ. ಹತ್ತು ದಿನ ಕೂರಿಸೋ ಮುಂಚೆ ಹತ್ತು ನಿಮಿಷ ಟೆಸ್ಟ್ ಮಾಡಿದ್ರೆ ಗೊತ್ತಾಗ್ತಿತ್ತು, ನಿಮ್ಮ ಬೇಜಾರು ನ್ಯಾಯವಾದದ್ದೇ.

ಟಿ5 ಥರದವರಲ್ಲಿ ಸ್ಪಾಸಂ ಬರೋ ಕಾಲು ಇದ್ರೆ ಕರೆಂಟಿಗೆ ಪೆಡಲ್ ತುಳಿಯತ್ತೆ, ವಾರಕ್ಕೆ ಎರಡು ಮೂರು ಸಲದಂಗೆ ಆರು ವಾರ ಮಾಡಿಸಿದಾಗ ತೊಡೆಯ ಅಪಧಮನಿ ಮತ್ತೆ ಅಗಲ ಆಗೋದು, ರಕ್ತದ ಹರಿವು ಹೆಚ್ಚಾಗೋದು ಅಳೆದು ನೋಡಿದಾರೆ, ಎರಡು ವಾರದಲ್ಲೇ ಬದಲಾವಣೆ ಶುರುವಾಗತ್ತೆ. ಬೇಜಾರಿನ ಸಂಗತಿ ಏನಂದ್ರೆ ನಿಲ್ಲಿಸಿದ್ರೆ ಒಂದೆರಡು ವಾರಕ್ಕೆ ಮತ್ತೆ ಹಳೇ ಅಳತೆಗೆ ವಾಪಸ್. ಬೇಡಿಕೆ ಇದ್ದಷ್ಟು ದಿನ ಅಗಲ, ಇಲ್ದಿದ್ರೆ ಇಲ್ಲ. ಮಾಡ್ಸೋ ಮುಂಚೆ ಕ್ಲಾಟ್ ಇಲ್ಲ ಅಂತ ಖಾತ್ರಿ, ಮೂಳೆ ಎಷ್ಟು ಸವೆದಿದೆ ಅನ್ನೋದು ನೋಡ್ಬೇಕು, ಟಿ6 ಮೇಲಿನವರಿಗೆ ಮಾಡುವಾಗ ಬಿಪಿ ನೋಡ್ತಿರಬೇಕು, ಕರೆಂಟೇ ಎಡಿ ಎಬ್ಬಿಸಬಹುದು.

ಇನ್ನು ಕೈ ವ್ಯಾಯಾಮ ಸಾಕಾ ಅಂದ್ರೆ, ಹೃದಯಕ್ಕೆ ಬೇಕೇ ಬೇಕು, ಕಾಲಿನ ರಕ್ತನಾಳಕ್ಕೆ ಅದ್ರಿಂದ ಹೆಚ್ಚೇನೂ ಸಿಗಲ್ಲ. ಗಾಲಿ ಹೊಡೆಯೋರ ತೋಳಿನ ಅಪಧಮನಿ ನಿಮ್ಮ ನಮ್ಮಷ್ಟೇ ಚೆನ್ನಾಗಿರತ್ತೆ, ಅದೇ ದೇಹದಲ್ಲಿ ತೊಡೆಯದ್ದು ಸಣ್ಣ. ಆದ್ರೆ ಸರ್, "ಏನು ಹೋತು" ಅನ್ನೋದಕ್ಕೆ ನಾನು ಪೂರ್ತಿ ಒಪ್ಪಲ್ಲ, ಕಾಲಿನ ಸ್ನಾಯುವಿಗೆ ರಕ್ತ ಕಮ್ಮಿ ಅಂದ್ರೆ ಸಕ್ಕರೆ ಸುಡೋ ದೊಡ್ಡ ಒಲೆ ಆರಿದಂಗೆ, ಶುಗರ್ ಕಡೆ ವಾಲತ್ತೆ, ಒಳ್ಳೇ ಕೊಲೆಸ್ಟ್ರಾಲು ಎಚ್‌ಡಿಎಲ್ ಇಳಿಯತ್ತೆ. ಎದೆಯಿಂದ ಹೊರಡೋ ಮಹಾಪಧಮನಿ ವಯಸ್ಸಿಗಿಂತ ಮುಂಚೆ ಬಿರುಸಾಗತ್ತೆ, ರಬ್ಬರ್ ಹೋಗಿ ಪ್ಲಾಸ್ಟಿಕ್ ಆದಂಗೆ. ಕೆನಡಾದ ಒಂದು ದೊಡ್ಡ ಸರ್ವೆ 2013ರಲ್ಲಿ ಬಂತು, ಬೆನ್ನುಹುರಿ ಪೆಟ್ಟಾದವರಲ್ಲಿ ಹೃದಯ ಕಾಯಿಲೆ ಸಾಧ್ಯತೆ ಸುಮಾರು 2.7 ಪಟ್ಟು, ಸ್ಟ್ರೋಕ್ ಸುಮಾರು 3.7 ಪಟ್ಟು ಇತ್ತು, ವಯಸ್ಸು ಗಂಡು ಹೆಣ್ಣು ಲೆಕ್ಕ ಹಿಡಿದ ಮೇಲೂ. ಅದಕ್ಕೇ 2018ರ ಅಂತಾರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಹೃದಯ ಮತ್ತು ಶುಗರ್ ಸಲುವಾಗಿ ವಾರಕ್ಕೆ 3 ಸಲ 30 ನಿಮಿಷ ಉಸಿರು ಮೇಲಾಗೋ ಥರ ವ್ಯಾಯಾಮ ಅಂತ ಇಟ್ಟಿದಾರೆ, ಡಂಬೆಲ್ ಎತ್ತೋದು ಇದ್ರ ಲೆಕ್ಕಕ್ಕೆ ಬರಲ್ಲ, ಕೈ ಸೈಕಲ್ಲೋ ಜೋರಾಗಿ ಗಾಲಿ ಹೊಡೆಯೋದೋ ಆಗ್ಬೇಕು. ತೂಕ ನೋಡುವಾಗ್ಲೂ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 25ಕ್ಕೆ ಕಾಯಬೇಡಿ, ಸ್ನಾಯು ಕರಗಿ ಕೊಬ್ಬು ಕೂತಿರೋದ್ರಿಂದ ಇವರಿಗೆ 22 ದಾಟಿದ್ರೇ ಜಾಸ್ತಿ ಅಂತ ಲೆಕ್ಕ. ಸಿಗರೇಟಿನ ಬಗ್ಗೆ ಹೇಳೋದೇ ಬೇಡ.

ಗಾಲಿಮೇಲೆ_11ವರ್ಷ:

ಉಸಿರು ಮೇಲಾಗೋ ಥರ ಅಂದ್ರಲ್ಲ, ಕುತ್ತಿಗೆ ಮಟ್ಟದವರು ವಾಚ್ ನಂಬಬೇಡಿ. ನನ್ನ ಹೃದಯ ಏನೇ ಮಾಡಿದ್ರೂ 120 ದಾಟಲ್ಲ, ಬೇಗ ಬಡಿ ಅನ್ನೋ ನರದ ಸಂಪರ್ಕ ಇಲ್ಲ. ನಾನು ಇಲ್ಲಿ ಏದುಸಿರು ಬಿಡ್ತಾ ಇದ್ರೆ ಕೈಲಿರೋ ವಾಚು "ಲಘು ಚಟುವಟಿಕೆ" ಅಂತ ತೋರಿಸತ್ತೆ, ಎಸೆದುಬಿಡೋಣ ಅನ್ಸತ್ತೆ. ಮಾತಾಡಕ್ಕೆ ಆಗತ್ತೆ ಹಾಡಕ್ಕೆ ಆಗಲ್ಲ, ಆ ಮಟ್ಟ ಹಿಡ್ಕೊಳಿ ಸಾಕು.

ಮನೆಯಾಕೆ:

ನಾನು ಬರೀಬಾರ್ದು ಅಂತಿದ್ದೆ, ಆದ್ರೆ ಕ್ಲಾಟ್ ಇಲ್ಲ ಅಂತ ಒಂದ್ಸಲ ಬಂದ ಮೇಲೆ ನಿಶ್ಚಿಂತೆ ಅಂದ್ಕೊಂಡುಬಿಡ್ತೀರೇನೋ ಅಂತ ಬರೀತಿದೀನಿ. ನಮ್ಮ ಮನೆಯವರಿಗೆ ಪೆಟ್ಟಾಗಿ ಎರಡನೇ ತಿಂಗಳಲ್ಲಿ ಎಡಗಾಲಲ್ಲಿ ಕ್ಲಾಟ್ ಆಯ್ತು. ನೋವು ಇಲ್ಲ, ಏನೂ ಇಲ್ಲ. ಎರಡು ದಿನ ಸಣ್ಣ ಜ್ವರ ಇತ್ತು, ಯೂರಿನ್ ಇನ್ಫೆಕ್ಷನ್ ಇರಬೇಕು ಅಂದ್ಕೊಂಡ್ವಿ, ಸ್ಪಾಸಂ ಮಾಮೂಲಿಗಿಂತ ಜಾಸ್ತಿ ಬರ್ತಿತ್ತು. ಬೆಳಿಗ್ಗೆ ಪ್ಯಾಂಟ್ ಹಾಕ್ಸುವಾಗ ಬಲಗಾಲು ಸಲೀಸಾಗಿ ಹೋಯ್ತು ಎಡಗಾಲು ಮಂಡಿ ಹತ್ರ ಬಿಗಿ ಆಯ್ತು, ಅದೇ ಪ್ಯಾಂಟು ಹಿಂದಿನ ದಿನ ಒಗೆದು ಒಣಗಿಸಿದ್ದು. ಕೈ ಇಟ್ಟು ನೋಡಿದ್ರೆ ಆ ಕಾಲು ಮಾತ್ರ ಬೆಚ್ಚಗಿತ್ತು. ಪ್ಯಾಂಟ್ ಹೇಳಿದ್ದನ್ನ ಕಾಲು ಹೇಳಲಿಲ್ಲ.

ಆಮೇಲಿಂದ ನಾನು ಒಂದು ಅಭ್ಯಾಸ ಇಟ್ಕೊಂಡಿದೀನಿ. ಮಂಡಿ ಚಿಪ್ಪಿನ ಕೆಳಗಿರೋ ಮೂಳೆ ಗುಬ್ಬಿಯಿಂದ 10 ಸೆಂಟಿಮೀಟರ್ ಕೆಳಗೆ ಎರಡೂ ಕಾಲಿಗೆ ಪೆನ್ನಲ್ಲಿ ಗೆರೆ, ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸೋ ಮುಂಚೆ ಟೈಲರ್ ಟೇಪಲ್ಲಿ ಸುತ್ತಳತೆ, ಕ್ಯಾಲೆಂಡರ್ ಮೇಲೆ ಬರೀತೀನಿ. ಎರಡೂ ಕಾಲು ಸಮ ಸಮ ಊದೋದು ಕೂತಿದ್ದರ ಊತ, ರಾತ್ರಿ ಮಲಗಿದ್ರೆ ಇಳಿದಿರತ್ತೆ. ಒಂದೇ ಕಾಲು ಹೆಚ್ಚಾಗಿ, 3 ಸೆಂಟಿಮೀಟರ್‌ಗಿಂತ ವ್ಯತ್ಯಾಸ ಬಂದ್ರೆ ಅವತ್ತೇ ಡಾಪ್ಲರ್, ಅದಕ್ಕಿಂತ ಕಮ್ಮಿ ಇದ್ರೂ ಬೆಚ್ಚಗಿದ್ರೆ ನಾನಂತೂ ಕಾಯಲ್ಲ. ಉಸಿರಾಟದಲ್ಲಿ ಏನಾದ್ರೂ ವ್ಯತ್ಯಾಸ ಆಯ್ತು ಅಂದ್ರೆ ಅಳೀತಾ ಕೂರೋದೂ ಬೇಡ, ಹೊರಟುಬಿಡಿ. ಮೊದಲ ಮೂರು ತಿಂಗಳು ಅಪಾಯ ಜಾಸ್ತಿ, ಅದಕ್ಕೇ ಇಂಜೆಕ್ಷನ್ ಅಷ್ಟು ದಿನ ಕೊಡೋದು, ಆದ್ರೆ ಆಮೇಲೆ ಸೊನ್ನೆ ಅಂತಲ್ಲ. ಆಪರೇಷನ್ನು, ಕಾಲಿಗೆ ಫ್ರಾಕ್ಚರು, ಜ್ವರ ಬಂದು ವಾರಗಟ್ಟಲೆ ಮಲಗೋದು ಆದಾಗ ಇಂಜೆಕ್ಷನ್ ಮತ್ತೆ ಬೇಕಾ ಅಂತ ನೀವಾಗೇ ಕೇಳಿ.

ಅಣ್ಣನ_ತಮ್ಮ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ನಾಲ್ಕು ದಿನ ಆದ್ಮೇಲೆ ಬರೀತಿದೀನಿ. ಪಾದ ಎತ್ತರ ಇಟ್ಟು ನೋಡ್ದೆ, ಮೂರು ನಾಲ್ಕು ನಿಮಿಷಕ್ಕೆ ನೇರಳೆ ಹೋಗಿ ಮಾಮೂಲಿ ಬಣ್ಣಕ್ಕೆ ಬಂತು, ಬಿಳಚಿಕೊಳ್ಳಲಿಲ್ಲ. ಎರಡೂ ಕಾಲಿನ ಸುತ್ತಳತೆಯಲ್ಲಿ ಅರ್ಧ ಸೆಂಟಿಮೀಟರ್ ವ್ಯತ್ಯಾಸ ಇದೆ ಅಷ್ಟೇ.

ಅಣ್ಣ (ಗಾಲಿಮೇಲೆ ಅವರಿಗೆ), ನೀವು ಹೇಳಿದ್ದು ಮೊನ್ನೆ ಸಂಜೆನೇ ಬಂತು. ತಲೆನೋವು ಶುರು ಅಂದ ತಕ್ಷಣ ಬಿಪಿ ಹಾಕಿದ್ರೆ 148, ಯಾವಾಗ್ಲೂ ಮಲಗಿಸ್ತಿದ್ವಿ, ಈ ಸಲ ಕೂರಿಸೇ ಇಟ್ಟೆ, ಬೆಲ್ಟ್ ಬಿಚ್ಚಿದೆ, ಟ್ಯೂಬ್ ಸವರಿಕೊಂಡು ಹೋದ್ರೆ ತೊಡೆ ಕೆಳಗೆ ಕುಶನ್ನಿಗೂ ಕಾಲಿಗೂ ಮಧ್ಯೆ ಮಡಚಿ ಚಪ್ಪಟೆ ಆಗಿತ್ತು. ಬಿಡಿಸಿದ ಕೂಡ್ಲೇ ಚೀಲಕ್ಕೆ ಸುಮಾರು ಅರ್ಧ ಲೀಟರ್ ಬಂತು. ಹತ್ತು ನಿಮಿಷದಲ್ಲಿ 104. ಇಷ್ಟು ದಿನ ಮಲಗಿಸಿದಾಗ ಟ್ಯೂಬ್ ತಾನಾಗೇ ಸಡಿಲ ಆಗಿ ಇಳೀತಿತ್ತೇನೋ, ನಾವು ಮಲಗಿದ್ದಕ್ಕೇ ಕಮ್ಮಿ ಆಯ್ತು ಅಂದ್ಕೊಂಡಿದ್ವಿ. ಈಗ ಟ್ಯೂಬನ್ನ ತೊಡೆ ಮೇಲಿಂದ ತಂದು ಟೇಪ್ ಹಾಕ್ತಿದೀವಿ. ಡಾಕ್ಟ್ರ ಹತ್ರ ಸೋಮವಾರ ಹೋಗ್ತಿದೀವಿ, ಅಣ್ಣಂಗೆ ಸ್ಪಾಸಂ ಚೆನ್ನಾಗೇ ಬರತ್ತೆ, ಎಫ್‌ಇಎಸ್ ಬಗ್ಗೆನೂ ಕೇಳ್ತೀನಿ. ಊತಕ್ಕೆ ಸ್ಟಾಕಿಂಗ್ ಹಾಕಬಹುದಾ?

ಗಾಲಿಮೇಲೆ_11ವರ್ಷ:

ಸ್ಟಾಕಿಂಗ್ ಹಾಕೋ ಮುಂಚೆ ಪಾದದ ಬಿಪಿ ಕೈ ಬಿಪಿ ಹೋಲಿಸೋ ಟೆಸ್ಟ್ ಇದೆ, ಎಬಿಐ ಅಂತಾರೆ, ಸೋಮವಾರ ಅದನ್ನೂ ಮಾಡಿಸ್ಕೊ. ಅಳತೆ ಬೆಳಿಗ್ಗೆ ಊತ ಇಲ್ದಾಗ ತಗೋಬೇಕು. ಮಂಡಿ ಹಿಂದೆ ಸುಕ್ಕು ಬರದಂಗೆ ಎಳೀಬೇಕು, ಆ ಸುಕ್ಕು ಅಂದ್ರೆ ಕಾಲಿಗೆ ದಾರ ಕಟ್ಟಿದಂಗೆ, ನಂಗೆ ಅಲ್ಲೇ ಗಾಯ ಆಗಿ ಎರಡು ತಿಂಗಳು ತಗೊಂಡಿದೆ. ರಾತ್ರಿ ಬಿಚ್ಚಿ, ಟಾರ್ಚ್ ಹಾಕಿ ಹಿಮ್ಮಡಿ ನೋಡು. ಮತ್ತೆ ಒಂದು ಕಾರ್ಡಲ್ಲಿ "ಟಿ5, ಮಾಮೂಲಿ ಬಿಪಿ 100/60, ಎಡಿ ಬರತ್ತೆ" ಅಂತ ದೊಡ್ಡಕ್ಷರದಲ್ಲಿ ಬರೆದು ಕುರ್ಚಿ ಹಿಂದೆ ಸಿಗಿಸು, ನೀನು ಪಕ್ಕದಲ್ಲಿಲ್ಲದ ದಿನ 146 ಪರವಾಗಿಲ್ಲ ಅನ್ನೋರು ಇನ್ನೊಬ್ರು ಸಿಗ್ತಾರೆ.